ಕದಲದ ಮೀನು

ಹಲೋ... ಹಲೋ, ಯಾರು ಮಾತಾಡ್ತಿರೋದು?... ಹಡಗಿನ ಅಡುಗೆಯವರಾ? ಕ್ಯಾಪ್ಟನ್‌ಗೆ ಕೊಡಿ ಅಂದ್ರೆ ಮತ್ತೆ ಅಡುಗೆಮನೆಗೇ ಹಾಕ್ತಾರಲ್ಲ... ಇಲ್ಲಪ್ಪ, ಊಟದ ವಿಷಯ ಅಲ್ಲ. ಕಡಲತಳ ಪರೀಕ್ಷೆ ಮಾಡೋ ಆಫೀಸಿಂದ. ಅವರ ಹೆಂಡತಿ ತಂಗಿ ಅನ್ನಿ, ಬರ್ತಾರೆ... ಹಾಂ, ಕಾಯ್ತೀನಿ.

...

ಭಾವಾ? ನಾನೇ... ಏನದು ಹಿಂದೆ ಗಡಗಡ ಸದ್ದು?... ಕಡಲಿಗೆ ಕೊಳವೆ ಇಳಿಸೋ ಯಂತ್ರವಾ? ಆಗಲೇ ಶುರು ಮಾಡಿಬಿಟ್ರಾ?

...

ಕಡಲತಳದ ಇಳಿಜಾರಿಗೆ ಇನ್ನೂ ಬಂದಿಲ್ಲ ತಾನೆ?... ಸಂಜೆಯೊಳಗಾ? ನಿಲ್ಲಿಸಿ ಭಾವ.

...

ನಕ್ಷೆಯಲ್ಲಿ ಏನೂ ಇಲ್ಲ ಅಂತ ನನಗೂ ಗೊತ್ತು. ಎಡವಟ್ಟಾಗಿರೋದೇ ಅಲ್ಲಿ. ಸದ್ದಿನ ಅಲೆ ಬಿಟ್ಟು ತಳ ಅಳೆಯುವಾಗ ಮೀನಿನ ಹಿಂಡು ಅಡ್ಡ ಬಂದ್ರೆ ನಕ್ಷೆಯಲ್ಲಿ ಚುಕ್ಕಿ ಬೀಳತ್ತೆ, ಅಲ್ವಾ? ಅದನ್ನ ಒರೆಸಿ ನಕ್ಷೆ ಚೊಕ್ಕ ಮಾಡೋದು ನಮ್ಮಲ್ಲಿ ವಾಡಿಕೆ. ಇಳಿಜಾರಿನ ಮೇಲಿದ್ದ ಚುಕ್ಕಿಗಳನ್ನೂ ಮೀನು ಅಂತಲೇ ಒರೆಸಿದ್ದಾರೆ... ಮೀನೇ ಯಾಕಾಗಿರಬಾರದು ಅಂತೀರಾ? ಹೋದ ವರ್ಷದ ಅಳತೆ ಪಕ್ಕಕ್ಕಿಟ್ಟು ನೋಡಿದೆ. ಅದೇ ಚುಕ್ಕಿ, ಅದೇ ಜಾಗ. ಯಾವ ಮೀನು ಭಾವ, ವರ್ಷಗಟ್ಟಲೆ ನಿಂತಲ್ಲೇ ನಿಂತಿರತ್ತೆ?... ನಗಬೇಡಿ.

...

ಗ್ಯಾಸು. ಕೆಸರಿನ ಒಳಗಿಂದ ಗುಳ್ಳೆ ಏಳ್ತಿದೆ, ಅದೂ ಮೀನಿನ ಹಾಗೇ ಚುಕ್ಕಿ ಬೀಳತ್ತೆ. ಅಂಥ ಕೆಸರಿಗೆ ಬಿಗಿ ಇರಲ್ಲ. ನೀರು ಕುಡಿದ ಬದು ನೋಡಿದೀರಲ್ಲ, ಮೇಲೆ ಹುಲ್ಲು ಹಸಿರಾಗೇ ಇರತ್ತೆ. ಒಂದು ಎಮ್ಮೆ ಕಾಲಿಟ್ಟಿತೋ, ಇಡೀ ಬದು ಕೆಳಗಿನ ಹೊಲಕ್ಕೆ... ಹಾಂ, ನಿಮ್ಮ ಕೊಳವೆಯೇ ಆ ಎಮ್ಮೆ. ಅದರ ಇನ್ನೊಂದು ತುದಿ ನಿಮ್ಮ ಹಡಗಲ್ಲೇ ಇದೆ, ಮರೀಬೇಡಿ.

...

ನಮ್ಮ ಆಫೀಸಿನ ಸಾಹೇಬ್ರಿಗೆ ಬೆಳಗ್ಗೆಯಿಂದ ಹೇಳ್ತಾನೇ ಇದೀನಿ. ಇನ್ನೊಂದು ಸಲ ಅಳೆಸೋಣ, ಅಲ್ಲಿವರೆಗೆ ಕೆಲಸ ನಡೀಲಿ ಅಂದ್ರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋರು... ಅವರ ಅಪ್ಪಣೆ ಬೇಕಾ ನಿಮಗೆ? ಹಡಗಿನ ಮೇಲೆ ಕ್ಯಾಪ್ಟನ್ ಮಾತೇ ಕೊನೆ ಅಂತ ಅಕ್ಕನ ಮದುವೆ ದಿನದಿಂದ ಕೊಚ್ಚಿಕೊಂಡವರು ಯಾರು?

...

ಸರಿ, ನಾನು ಹೆದರುಪುಕ್ಕಲಿ. ನಮ್ಮ ಮನೇಲಿ ಎಲ್ಲರೂ ಹಾಗೇ, ಅಕ್ಕನೂ. ಅವಳಿಗೆ ಇನ್ನೂ ಹೇಳಿಲ್ಲ. ಹೇಳೋ ಹಾಗೆ ಮಾಡಬೇಡಿ ಭಾವ.

...

ಹಲೋ?... ಯಾರನ್ನ ಕೂಗಿದ್ರಿ ಈಗ? ಏನಂದ್ರಿ ಅವನಿಗೆ? ಸದ್ದಲ್ಲಿ ಕೇಳಿಸ್ಲಿಲ್ಲ...

...

ಭಾವಾ, ಗಡಗಡ ನಿಂತಿತಲ್ಲ... ಯಂತ್ರ ನಿಂತಿತೋ, ಲೈನೇ ಹೋಯಿತೋ?... ಯಂತ್ರ ತಾನೆ?... ಹಾಂ ಅಂತ ಒಂದು ಮಾತು ಹೇಳಿ ಸಾಕು... ಭಾವಾ...