ಹೊಸ್ತಿಲಾಚೆಯ ಕೈ

ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಬಾಯಿ ತೆರೆಯುತ್ತೇನೆ. ನನ್ನ ನಾಲಿಗೆಗೆ ಸುಳ್ಳು ಅಂಟದಿರಲಿ, ಕೇಳುವವರ ನಿದ್ದೆ ಕೆಡದಿರಲಿ.

ಇದು ನನ್ನ ಚಿಕ್ಕಮ್ಮನ ಮಗಳು ದನುತಾಳಿಗೆ ಆದದ್ದು. ಓದ್ರಾ ನದಿ ದಂಡೆಯ ನಮ್ಮೂರಲ್ಲಿ ಕ್ರಿಸ್ಮಸ್ಸಿನ ತೆಳುರೊಟ್ಟಿ ಸುಡುವವಳು ಅವಳೇ. ಕಾಗದದಷ್ಟು ತೆಳ್ಳಗೆ, ಮೇಲೆ ಯೇಸು ಹುಟ್ಟಿದ ಗೋದಲಿಯ ಅಚ್ಚು. ಹಬ್ಬದ ಹಿಂದಿನ ಸಂಜೆ ಒಬ್ಬರ ಕೈಯ ರೊಟ್ಟಿಯಿಂದ ಇನ್ನೊಬ್ಬರು ಚೂರು ಮುರಿದು ತಿಂದು, ‘ತಪ್ಪಿದ್ದರೆ ಕ್ಷಮಿಸಿ’ ಎಂದು ಹೇಳಿಕೊಂಡೇ ಊಟಕ್ಕೆ ಕೂರಬೇಕು. ಅದಿಲ್ಲದೆ ನಮಗೆ ಹಬ್ಬವೇ ಇಲ್ಲ.

ಡಿಸೆಂಬರ್. ಸಂಜೆ ನಾಲ್ಕಕ್ಕೇ ಕತ್ತಲು. ಮೊದಲ ಒಬ್ಬೆಯ ರೊಟ್ಟಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ದನುತಾ ಅಲ್ಲಿನವರಿಗೆ ಹಂಚಲು ಹಳೇ ಪುರಭವನಕ್ಕೆ ಹೊರಟಿದ್ದಳು. ಚೌಕದ ಬಾವಿಯಲ್ಲಿ ಈಗ ಯಾರೂ ನೀರು ಸೇದುವುದಿಲ್ಲ. ಆದರೂ ರಾಟೆ ಒಮ್ಮೆ ಕಿರ್ರ್... ಎಂದಿತು. ಗಾಳಿ ಇರಲಿಲ್ಲ. ಶಿಲುಬೆ ಗುರುತು ಹಾಕಿಕೊಂಡು ಮುಂದೆ ನಡೆದಳು.

ಬಾಗಿಲಲ್ಲಿ ಕಾವಲುಗಾರ ಲುತ್ಸಿಯಾನ್. ನಮ್ಮಲ್ಲಿ ಹೆಂಗಸರನ್ನು ಪಾನಿ, ಗಂಡಸರನ್ನು ಪಾನ್ ಎಂದು ಮರ್ಯಾದೆಯಿಂದ ಕರೆಯುತ್ತೇವೆ. “ಏನು ಪಾನಿ ದನುತಾ, ಈ ಸಲ ರೊಟ್ಟಿ ನಮ್ಮನೆಯವಳ ಸೂಪಿಗಿಂತ ತೆಳ್ಳಗಿದೆಯಲ್ಲ!”

“ನಿಮ್ಮ ಹೊಟ್ಟೆ ನೋಡಿದ್ರೆ ಸೂಪು ಗಟ್ಟಿಯಾಗೇ ಇರೋ ಹಾಗಿದೆ, ಪಾನ್ ಲುತ್ಸಿಯಾನ್.”

“ಕೆಳಗೆ ನೆಲಮಾಳಿಗೇಲಿ ಗೋಡೆ ಮೇಸ್ತ್ರಿಗಳಿದಾರೆ. ಪಾಪ, ಅವರಿಗೂ ಕೊಡಿ.”

ಅವಳು ಇಳಿದಳು. ಆರುನೂರು ವರ್ಷದ ಹಿಂದೆ ಊರ ಹಿರಿಯರು ಕೂತು ಔತಣ ಉಣ್ಣುತ್ತಿದ್ದ ಕೋಣೆ ಅದು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ದೀಪವಿಲ್ಲ. ಬರೀ ಸದ್ದು... ಚಪ್... ಚಪ್... ಯಾರೋ ಬೆರಳು ನೆಕ್ಕುವ ಸದ್ದು.

“ಮೇಸ್ತ್ರಿ?”

ಸದ್ದು ನಿಂತಿತು. ಕತ್ತಲಿಂದ ಒಂದು ಕೈ ಚಾಚಿತು.

ಹೊಸ್ತಿಲ ಆಚೆಯಿಂದ ಈಚೆಗೆ ಕೈ ಕೊಡಬಾರದು. ನಮ್ಮಲ್ಲಿ ಅಂಚೆಯವನು ಕೂಡ ಒಳಗೆ ಕಾಲಿಟ್ಟೇ ಕೈ ಕುಲುಕುತ್ತಾನೆ. ದನುತಾಗೆ ಅವಸರ. ಹೊರಗೇ ನಿಂತು ರೊಟ್ಟಿ ಚಾಚಿದಳು. ಆ ಕೈ ರೊಟ್ಟಿಯ ಜೊತೆ ಅವಳ ಬೆರಳುಗಳನ್ನೂ ಹಿಡಿಯಿತು.

ಹಳಸಿದ ಹಂದಿಕೊಬ್ಬಿನ ಮಡಕೆಗೆ ಕೈ ಇಳಿಸಿದ ಹಾಗೆ! ತಣ್ಣಗೆ, ಮೆತ್ತಗೆ. ಹಿಡಿದಂತೆಲ್ಲ ಅದರ ಚರ್ಮ ಮೂಳೆಯ ಮೇಲೆ ಹಿಂದೆ ಮುಂದೆ ಜಾರುತ್ತಿತ್ತು. ಚೀರಿ ಕಿತ್ತುಕೊಂಡು ಮೇಲಕ್ಕೆ ಓಡಿದಳು.

ಲುತ್ಸಿಯಾನ್ ಹಣೆ ಬಡಿದುಕೊಂಡ. “ಅಯ್ಯೋ, ಮೇಸ್ತ್ರಿಗಳು ಮೂರು ಗಂಟೆಗೇ ಹೋದ್ರು... ನನಗೆ ಮರೆತೇ ಹೋಗಿತ್ತು.”

ಮನೆಯಲ್ಲಿ ಸಾಬೂನು ಹಚ್ಚಿದಳು, ಬೂದಿ ಹಚ್ಚಿದಳು, ವೋದ್ಕಾ ಸುರಿದುಕೊಂಡಳು. ಬಲಗೈಯ ಜಿಡ್ಡು ಹೋಗಲಿಲ್ಲ. ಮರುದಿನ ಹಿಟ್ಟು ಕಲಸಿದರೆ ಗಂಟೆಯೊಳಗೆ ಹಸಿರು ಬೂಸ್ಟು ಕೂದಲಿನಂತೆ ಎದ್ದು ನಿಂತಿತು. ಅಚ್ಚಿನಿಂದ ತೆಗೆದ ರೊಟ್ಟಿಯ ಮೇಲೆ ಬಾಲಯೇಸುವಿನ ಮುಖ ಹಳದಿ ನೆಣ ಸುರಿಸುತ್ತಿತ್ತು. ದನುತಾ ವಾಂತಿ ಮಾಡಿಕೊಂಡಳು. ಹಬ್ಬಕ್ಕೆ ಎರಡೇ ದಿನ. ನಾನೂರು ಮನೆಯವರು ಅವಳ ರೊಟ್ಟಿಗೆ ಕಾಯುತ್ತಿದ್ದರು. ಬೇರೆ ಊರುಗಳಲ್ಲಿ ವಿಚಾರಿಸಿದರೆ ಎಲ್ಲ ಕಡೆ ಮುಗಿದಿತ್ತು.

ದನುತಾ ಚರ್ಚಿಗೆ ಹೋಗಿ ಎಲ್ಲ ಹೇಳಿದಳು. ಮುದಿ ಪಾದ್ರಿ ತೆಯೋಫಿಲ್ ಪಿಸುದನಿಯಲ್ಲಿ ಕೇಳಿದರು. “ಹೊರಗೇ ನಿಂತು ಕೊಟ್ಯಾ?”

“ಕೊಟ್ಟೆ, ಫಾದರ್.”

“ನೀನು ಅವನದ್ರಲ್ಲಿ ಮುರಿದು ತಿಂದ್ಯಾ?”

“ಇಲ್ಲ... ಓಡಿಬಂದೆ.”

“ಅರ್ಧಕ್ಕೆ ಬಿಟ್ಟಿದೀಯ ಮಗಳೇ. ಅವನು ಇನ್ನೂ ಹಿಡ್ಕೊಂಡು ಕಾಯ್ತಿರ್ತಾನೆ.”

“ಆ ಕೈಯಿಂದ... ತಿನ್ನೋದಾ?”

“ಕೇಳಿದ್ರೆ ನನಗೇ ಓಕರಿಕೆ ಬರುತ್ತೆ. ಆದ್ರೂ ಹೋಗು.”

ಮೊದಲ ಒಬ್ಬೆಯಲ್ಲಿ ಉಳಿದಿದ್ದ ಒಂದೇ ಒಂದು ಒಳ್ಳೆಯ ರೊಟ್ಟಿಯನ್ನು ಎಡಗೈಯಲ್ಲಿ ಹಿಡಿದು, ಅದೇ ನಾಲ್ಕು ಗಂಟೆಗೆ ಹೋದಳು. ಲುತ್ಸಿಯಾನ್ ಮೆಟ್ಟಿಲವರೆಗೆ ಬಂದ. “ನಾನು ಇಲ್ಲೇ ಇರ್ತೀನಿ ಪಾನಿ. ಅಂದ್ರೆ... ಇಲ್ಲೇ. ಕೆಳಗಲ್ಲ.”

ಈ ಸಲ ಹೊಸ್ತಿಲು ದಾಟಿದಳು. “ಯೇಸುಕ್ರಿಸ್ತನಿಗೆ ಸ್ತುತಿ,” ಎಂದಳು. ಇದಕ್ಕೆ ಕೇಳಿದವರು ‘ಯುಗಯುಗಕ್ಕೂ, ಆಮೆನ್’ ಎನ್ನಬೇಕು, ಅದು ನಮ್ಮ ವಾಡಿಕೆ.

ಚಪ್... ಚಪ್... ನಿಂತಿತು. ಕೈ ಬಂತು. ಅವಳು ಕೊಟ್ಟ ರೊಟ್ಟಿ ಅದರಲ್ಲಿ ಹಾಗೇ ಇತ್ತು. ಊದಿಕೊಂಡು, ತೊಟ್ಟಿಕ್ಕುತ್ತಾ, ಅಂಚಿಗೆ ಬಿಳಿಗೂದಲು ಅಂಟಿಸಿಕೊಂಡು. ಬೆರಳಿಟ್ಟರೆ ಮುರಿಯಲಿಲ್ಲ, ನೂಲಿನಂತೆ ಎಳೆಯಾಗಿ ಬಂತು. ಚೂರನ್ನು ತುಟಿಯವರೆಗೆ ತಂದಳು.

‘ಯೇಸುವೇ, ನೀನು ಕುಷ್ಠರೋಗಿಯನ್ನು ಮುಟ್ಟಿದೆ. ಅಷ್ಟು ಪ್ರೀತಿ ನನ್ನಲ್ಲಿಲ್ಲ. ನುಂಗುವಷ್ಟು ಕೊಡು, ಸಾಕು.’

ನುಂಗಿದಳು. ಅದು ಗಂಟಲಲ್ಲಿ ಇಳಿಯುವಾಗ ಸತ್ತ ಇಲಿಯ ನಾತ ಮೂಗಿಗೆ ಹತ್ತಿತು. ಆಮೇಲೆ ತನ್ನ ರೊಟ್ಟಿ ಚಾಚಿದಳು. ಟಕ್... ಎಂದು ಆ ಕೈ ಒಂದು ಚೂರು ಮುರಿದುಕೊಂಡಿತು.

“ನನ್ನಿಂದ ತಪ್ಪಾಗಿದ್ರೆ ಕ್ಷಮಿಸಿ,” ಎಂದಳು.

ಕತ್ತಲು ಉತ್ತರ ಕೊಟ್ಟಿತು. ಅವಳು ಮೊದಲು ಹೇಳಿದ್ದ ಸ್ತುತಿಗೆ... “ಯುಗ... ಯುಗಕ್ಕೂ...” ಆಮೆನ್ ಎನ್ನಲು ಅದಕ್ಕಾಗಲಿಲ್ಲ. ಅದನ್ನು ದನುತಾಳೇ ಹೇಳಿದಳು.

ಬಲಗೈಯ ಜಿಡ್ಡು ಹೋಗಿತ್ತು. ಆ ರಾತ್ರಿ ಬೆಳಗಾಗುವವರೆಗೆ ರೊಟ್ಟಿ ಸುಟ್ಟಳು. ಹಿಮದಂಥ ರೊಟ್ಟಿ. ನಾನೂರು ಮನೆಗೂ ಮುಟ್ಟಿತು, ನಾವೂ ತಿಂದೆವು. ಅವಳು ಮಾತ್ರ ಹಬ್ಬದ ಊಟಕ್ಕೆ ಕೂತು, ಮೀನಿನ ತಟ್ಟೆ ನೋಡುತ್ತಲೇ ಎದ್ದುಹೋದಳು.

ಸುಳ್ಳೆನ್ನುವವರು ಅವಳ ಮನೆಗೆ ಹೋಗಿ ನೋಡಲಿ. ಎಂಟು ವರ್ಷವಾಯಿತು. ಶನಿವಾರ ಶನಿವಾರ ಕಿಟಕಿ ಬಳಿ ಕೂತು ಉಗುರು ಕತ್ತರಿಸಿಕೊಳ್ಳುತ್ತಾಳೆ. ಎಡಗೈಯದು ಮಾತ್ರ. ಬಲಗೈಯ ಉಗುರು ಆ ದಿನದಿಂದ ಬೆಳೆದಿಲ್ಲ. ನಾನೇ ಹಿಡಿದು ನೋಡಿದ್ದೇನೆ.

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಮನೆಯ ಅನ್ನವನ್ನು ದೇವರು ಕಾಯಲಿ. ನಿಮ್ಮ ಕೈ ಹಿಡಿಯುವ ಕೈಗಳೆಲ್ಲ ಬೆಚ್ಚಗಿರಲಿ.