ಮೂಲೆಯ ನಿಯಾನ್

ಬಸ್ ನಿಲ್ದಾಣದ ಪಕ್ಕದಲ್ಲಿ ಕೂತ ಮುದುಕ ಸ್ಕೂಲ್ ಹುಡುಗಿಯೊಬ್ಬಳ ಕಿತ್ತುಹೋದ ಶೂ ಹೊಲಿಯುತ್ತಿದ್ದ. ಅವಳು ಅಮ್ಮನ ಭುಜ ಹಿಡಿದು ಒಂಟಿ ಕಾಲಲ್ಲಿ ನಿಂತಿದ್ದಳು. ತಲೆ ತಗ್ಗಿಸಿದ ಮಾತ್ರಕ್ಕೆ ಮುದುಕನ ಕಿವಿ ಮುಚ್ಚಿಕೊಳ್ಳುತ್ತದೆಯೇ?

“ಟೀಚರ್ ಇವತ್ತು ಸೈನ್ಸ್ ಆಟದಲ್ಲಿ ನನ್ನ ಸೋಡಿಯಂ ಮಾಡಿದ್ರಮ್ಮ. ಕೈಲಿ ಒಂದೇ ಚೆಂಡು. ಅದು ಎಲೆಕ್ಟ್ರಾನ್.”

“ಏನ್ಮಾಡ್ಬೇಕು ಅದನ್ನ?”

“ಕ್ಲೋರಿನ್‌ಗೆ ಕೊಡ್ಬೇಕು. ಅವಳ ಹತ್ರ ಏಳಿತ್ತು, ಎಂಟಾಗ್ಬೇಕು. ಕೊಟ್ಮೇಲೆ ನಾನು ಪ್ಲಸ್ ಅಯಾನು, ಅವಳು ಮೈನಸ್. ಕೈ ಕೈ ಹಿಡ್ಕೊಂಡ್ರೆ ಉಪ್ಪು.”

“ಯಾರು ಕ್ಲೋರಿನ್ನು?”

“ನೀನು ಪಾತ್ರೆ ತೊಳೀತೀಯಲ್ಲ, ಆ ಮನೆಯವಳು.”

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

“ಕೈ ಹಿಡಿದ್ಲಾ?”

“ಚೆಂಡು ತಗೊಂಡ್ಲು. ಕೈ ಮಾತ್ರ ಹಿಡಿಯಲ್ಲ ಅಂದ್ಲು.”

“ಟೀಚರ್ ಏನಂದ್ರು?”

“ಹೋಗ್ಲಿ ಬಿಡು, ನೀನು ನಿಯಾನ್ ಆಗು ಅಂದ್ರು. ಮೂಲೇಲಿ ಒಬ್ಳೇ ನಿಲ್ಲೋದು. ನಿಯಾನ್‌ಗೆ ಎಂಟೂ ತುಂಬಿರುತ್ತಂತೆ, ಯಾರ ಹಂಗೂ ಬೇಡ್ವಂತೆ.”

“ಹಂಗಾದ್ರೆ ನಿಂಗೆ ಎಂಟು ಚೆಂಡು ಕೊಟ್ರಾ?”

“ಇಲ್ಲಮ್ಮ. ಎಲ್ಲಾ ಅವಳ ಹತ್ರಾನೇ ಇತ್ತು.”

ಮುದುಕ ದಾರ ಕತ್ತರಿಸಿದ. ಅಮ್ಮ ಮಂಡಿಯೂರಿ ಮಗಳ ಕಾಲಿಗೆ ಶೂ ತೊಡಿಸಿ, ಲೇಸನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಕಟ್ಟಿದಳು.

“ನಡಿ, ಹೊತ್ತಾಯ್ತು. ಅವರ ಮನೆ ಪಾತ್ರೆ ಕಾಯ್ತಿರುತ್ತೆ.”