ಟರ್ಮಿನಲ್‌ಗೆ ದಾರಿ ಹೇಳಿದವರು

ಮೈಸೂರಿನಲ್ಲಿ ಯಾವ ಕಂಪ್ಯೂಟರ್ ಕೆಟ್ಟರೂ ಮೊದಲು ಸಿದ್ದಲಿಂಗಸ್ವಾಮಿಯವರ ಎಡಗಿವಿ ತುರಿಸುತ್ತಿತ್ತು. ೨೦೦೩ರ ಆ ಬೆಳಿಗ್ಗೆ ಒಂಟಿಕೊಪ್ಪಲ್ ಬಸ್‌ಸ್ಟಾಪಿನಲ್ಲಂತೂ ಕಿವಿ ಕಿತ್ತುಬರುವಷ್ಟು ತುರಿಸಿತು. ಪಕ್ಕದಲ್ಲಿ ಎಂಸಿಎ ಓದುವ ಇಬ್ಬರು ಮಾತಾಡುತ್ತಿದ್ದರು.

“ಹನ್ನೊಂದಕ್ಕೆ ಪ್ರಾಜೆಕ್ಟ್ ತೋರಿಸ್ಬೇಕು ಕಣೋ ಗೌತಮ್. ಟರ್ಮಿನಲ್ ವಿಂಡೋದಲ್ಲಿ ಜಾವಾ ಅಂತ ಹೊಡೆದ್ರೆ ಕಮಾಂಡೇ ಸಿಗ್ಲಿಲ್ಲ ಅನ್ನುತ್ತೆ.”

“ಜಾವಾ ಯಾವ ಫೋಲ್ಡರಲ್ಲಿದೆ ಅಂತ ಅದಕ್ಕೆ ದಾರಿ ಹೇಳಿ ಪಾತ್ ಸೆಟ್ ಮಾಡಿದ್ಯಾ ಸಂಘಮಿತ್ರ?”

“ನಾಕು ಸಲ ಮಾಡ್ದೆ. ಆಗ ಒಪ್ಕೊಳ್ಳುತ್ತೆ, ಆಮೇಲೆ ಮರ್ತೇಬುಡುತ್ತೆ.”

“ಸೆಟ್ ಮಾಡಿದ್ಮೇಲೆ ಏನ್ ಮಾಡ್ದೆ?”

“ವಿಂಡೋ ಮುಚ್ಚಿ ಹೊಸದು ತೆಗ್ದೆ. ಕೆಲಸ ಮುಗಿದ್ಮೇಲೆ ಮುಚ್ಚಿ ಅಂತ ಲ್ಯಾಬ್ ಗೋಡೆ ಮೇಲೇ ಬರ್ದಿಲ್ವಾ?”

“ಅಯ್ಯೋ! ನೀನು ಹೇಳಿದ್ದು ಆ ವಿಂಡೋಗೆ ಮಾತ್ರ ಕಣೇ. ಮುಚ್ಚದೆ ಅದ್ರಲ್ಲೇ ಓಡಿಸ್ಬೇಕು.”

“ಗ್ಯಾರಂಟಿನಾ?”

“ಅನ್ಸುತ್ತಪ್ಪ...”

ಸಿದ್ದಲಿಂಗಸ್ವಾಮಿ ತಡೆಯಲಾರದೆ ನುಗ್ಗಿದರು. “ಮಾನಿಟರ್ ಬದಲಾಯಿಸಮ್ಮ. ಇಂಥವು ಹತ್ತು ಸಾವಿರ ರಿಪೇರಿ ಮಾಡಿದ್ದೀನಿ.”

ಅವಳು ಕಂಗಾಲಾಗಿ ಇಬ್ಬರನ್ನೂ ನೋಡಿದಳು. ಬಸ್ಸು ಬಂದು ನಿಂತಿತು.

“ಸಾರ್, ಕಾಲೇಜಲ್ಲಿ ಇನ್ನೊಂದು ಚಾನ್ಸ್ ಕೊಡಲ್ಲ. ನಿಮ್ಮ ಮಾತೇ ನಂಬ್ಲಾ?”

“ಬೇಡ ಕಣಮ್ಮ,” ಎಂದರು ಸಿದ್ದಲಿಂಗಸ್ವಾಮಿ, ದನಿ ತಗ್ಗಿಸಿ. “ಅವನು ಹೇಳ್ದಂಗೇ ಮಾಡು. ಸಾಯಂಕಾಲ ನಮ್ಮಾಫೀಸಿನ ಕಂಪ್ಯೂಟರ್‌ಗೆ ಬಟ್ಟೆ ಹೊದಿಸೋನು ನಾನು, ಅಷ್ಟೇ.”